ಅಕ್ಕನ ಮನೆಗೆ ನಕಾಶೆ

ಒಡಹುಟ್ಟಿದ ಅಕ್ಕನ ಮನೆಯ ದಾರಿಯೇ ಗೊತ್ತಿಲ್ಲದ ಮಹಾಪುರುಷ ಎಂಬ ಬಿರುದು ಅಥಣಿ ತಾಲೂಕಿನಲ್ಲಿ ಯಾರಿಗಾದರೂ ಇದ್ದರೆ ಅದು ನಮ್ಮ ಬಾಬಾಸಾಹೇಬರಿಗೆ. ಈ ಬಿರುದನ್ನು ಅವರೇನೂ ಅರ್ಜಿ ಹಾಕಿ ಪಡೆದವರಲ್ಲ. ಸ್ವತಃ ಅಕ್ಕ ಶೇವಂತಾಬಾಯಿಯವರೇ ತಮ್ಮ ಅಂಗಳದಲ್ಲಿ ನಿಂತು, ನಾಲ್ಕು ಜನರ ಮುಂದೆ, ಕೈ ಬೀಸಿ ಬೀಸಿ ಪ್ರದಾನ ಮಾಡಿದ್ದು.

ಆದದ್ದು ಇಷ್ಟೇ. ಹೋದ ವರ್ಷದ ಹಿಂದಿನ ವರ್ಷ ಬಾಬಾಸಾಹೇಬರು ತಮ್ಮ ದ್ರಾಕ್ಷಿ ತೋಟದಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡರು. ತಾವೇ ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಿತುಂಬ ಕರೆಯಬೇಕಾಗಿತ್ತು. ಬಣ್ಣದವರು, ಬಾಗಿಲದವರು, ನಲ್ಲಿಯವರ ಗಡಿಬಿಡಿಯಲ್ಲಿ ಕಾರ್ಡುಗಳ ಕಟ್ಟನ್ನು ಒಬ್ಬ ಮೋಟರ್‌ಸೈಕಲ್ ಸವಾರನ ಕೈಗೆ ಕೊಟ್ಟುಬಿಟ್ಟರು. ಅಕ್ಕನ ಮನೆ ಇರುವುದು ಸತ್ತಿಯ ಹೊರಗೆ, ಕೃಷ್ಣಾ ಹೊಳೆಯ ಕಡೆಗಿರುವ ಒಂದು ಕೋಡಿಯಲ್ಲಿ. ಕೋಡಿ ಅಂದರೆ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡ ಒಂದೇ ಮನೆತನದವರ ವಸ್ತಿ. ಎಲ್ಲರದೂ ಒಂದೇ ಅಡ್ಡಹೆಸರು, ಎಲ್ಲರ ಬಾಗಿಲಿಗೂ ಒಂದೇ ನೀಲಿ ಬಣ್ಣ, ಸುತ್ತ ಆಳೆತ್ತರದ ಕಬ್ಬು. ಸವಾರ ಮೊದಲು ಸಿಕ್ಕ ಬಾಗಿಲಿಗೆ ಕಾರ್ಡು ಸಿಗಿಸಿ ಗಾಡಿ ತಿರುಗಿಸಿದ. ಅದು ಅಕ್ಕನ ನೆಗೆಣ್ಣಿಯ, ಅಂದರೆ ಓರಗಿತ್ತಿಯ ಮನೆ. ಆ ನೆಗೆಣ್ಣಿ ಹೊಸ ಸೀರೆ ಉಟ್ಟು, ಹೂ ಮುಡಿದು, ಕಾರ್ಡು ಹಿಡಿದುಕೊಂಡೇ ಬಂದು, "ಯಾಕಬೇ ಶೇವಂತಾ, ತಮ್ಮನ ಮನಿ ವಾಸ್ತುಶಾಂತಿಗೆ ನೀ ಹೊಂಟಿಲ್ಲೇನ?" ಎಂದು ಕೇಳಿದರಂತೆ. (ಕೇಳುವಾಗ ಅವರ ದನಿಯಲ್ಲಿ ಎಷ್ಟು ಕನಿಕರ ತುಂಬಿತ್ತು ಎಂಬುದನ್ನು ನೆಗೆಣ್ಣಿ ಇರುವ ಓದುಗರಿಗೆ ಹೇಳಬೇಕಾಗಿಲ್ಲ.)

ಮರುದಿನ ಸೀರೆ, ಹಣ್ಣು ಹಿಡಿದು ಓಡಿದ ತಮ್ಮನನ್ನು ಅಕ್ಕ ಹೊಸ್ತಿಲು ದಾಟಗೊಡಲಿಲ್ಲ.

"ಬಾಬ್ಯಾ, ನಿನಗ ಸಾಂಗ್ಲಿ ದಾರಿ ಗೊತ್ತೈತಿ, ತಾಸಗಾಂವ ಬೇದಾಣಾ ಬಜಾರ ದಾರಿ ಗೊತ್ತೈತಿ. ಅಕ್ಕನ ಮನಿ ದಾರಿ ಗೊತ್ತಿಲ್ಲ. ಗೊತ್ತಾದ ದಿನಾ ಬಾ."

ಅಂದಿನಿಂದ ಅಕ್ಕನ ಮಾತು ನಿಂತಿತು. ಹಬ್ಬಕ್ಕೂ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವರು. ಬಾಬಾಸಾಹೇಬರು ಮಂದಿಯ ಮುಂದೆ ನಗುನಗುತ್ತಲೇ ಇದ್ದರೂ ಒಳಗೊಳಗೆ ಈ ಮಾತು ಅವರನ್ನು ಕೊರೆಯುತ್ತಿತ್ತು.

ಹೀಗಿರುವಾಗ ಮಗಳು ದೀಪಾಲಿಯ ಮದುವೆ ಗೊತ್ತಾಯಿತು. ವರ ನಿಪ್ಪಾಣಿಯ ಆಚೆ ಕೊಗನೊಳ್ಳಿಯ ವಿಶಾಲ. ಬೇಸಿಗೆಯಲ್ಲಿ ಕನ್ಯೆ ನೋಡಿ ಒಪ್ಪಿದ್ದರು. ಸುಗ್ಗಿ ಮುಗಿಯುವವರೆಗೆ ಕಾಯದೆ ಡಿಸೆಂಬರಿನಲ್ಲಿ ತೋಟದ ಮನೆಯ ಮುಂದೆಯೇ ಹಂದರ ಹಾಕಿ ಮಾಡುವುದು ಎಂದಾಯಿತು. ಎಲ್ಲವೂ ಸುಸೂತ್ರ. ಒಂದೇ ತೊಡಕು. ಆ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಷಿಣ ಬೀಳಬೇಕಾದದ್ದು ಸೋದರತ್ತೆಯ ಕೈಯಿಂದ. ದೀಪಾಲಿಗೆ ಇರುವುದು ಒಬ್ಬಳೇ ಸೋದರತ್ತೆ.

"ಅಕ್ಕಾರು ಬರಲಿಲ್ಲಂದ್ರ ಅರಿಷಿಣ ಯಾರ ಹಚ್ಚಬೇಕ್ರಿ? ನೀವ ಹಚ್ಚತೀರೇನ, ಸೀರಿ ಉಟ್ಕೊಂಡು?" ಎಂದು ಕೇಳಿದರು ಹೆಂಡತಿ ಕಸ್ತೂರೆವ್ವ.

"ಬರ್ತಾಳ ತಗೋ."

"ಹ್ಯಾಂಗ ಬರ್ತಾರ? ನಿಮಗ ದಾರೀನ ಗೊತ್ತಿಲ್ಲ."

ನೋಡಿ, ಬಿರುದು ಮನೆಯೊಳಗೂ ಬಂದು ಕೂತಿತ್ತು.

ದೀಪ ಹತ್ತಿದ್ದು ಆ ವಾರವೇ. ದ್ರಾಕ್ಷಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ತಮ್ಮ ತೋಟದ ಒಂದೊಂದು ಸಾಲನ್ನೂ ಉಪಗ್ರಹದ ಚಿತ್ರದ ಮೇಲೆ ಗೆರೆ ಎಳೆದು ತೋರಿಸಿದ್ದರು. ಇದಕ್ಕೆ ಜಿಐಎಸ್ ಅನ್ನುತ್ತಾರೆ, ಭೂಮಿಯ ಮೇಲಿನ ಯಾವ ವಸ್ತುವನ್ನಾದರೂ ಕಂಪ್ಯೂಟರಿನೊಳಗೆ ಅದರದರ ಜಾಗದಲ್ಲಿ ಕೂರಿಸಬಹುದು, ಕಲಿಯಲು ಬೇಕಾದ ಪುಸ್ತಕ, ಪಾಠ, ವಿಡಿಯೋ ಎಲ್ಲವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಎಂದೂ ಬರೆದಿದ್ದರು. ಬಾಬಾಸಾಹೇಬರು ಎದೆ ತಟ್ಟಿಕೊಂಡು ಘೋಷಿಸಿದರು:

"ಇಡೀ ಬಳಗದ ನಕಾಶೆ ಮಾಡತೀನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕಿನಾಗ ನಮ್ಮವರ ಮನಿ ಎಲ್ಲೆಲ್ಲಿ ಐತಿ, ಎಲ್ಲಾ ಹಾಕತೀನಿ. ಒಂದು ಮನಿ ತಪ್ಪೂದಿಲ್ಲ. ಅಕ್ಕ ನೋಡಲಿ ನನಗ ದಾರಿ ಗೊತ್ತೈತೋ ಇಲ್ಲೋ!"

"ಅಪ್ಪಾ, ಫೋನಿನಾಗ ಒಂದೊಂದ ಪಿನ್ ಒತ್ತಿದ್ರ ಮುಗೀತು. ಅದಕ್ಕ ಇಷ್ಟ್ಯಾಕ?" ಎಂದಳು ದೀಪಾಲಿ.

"ಪಿನ್ ಒತ್ತೂದು ಚಿಲ್ಲರೆ ಮಂದಿ ಕೆಲಸ," ಎಂದರು ಬಾಬಾಸಾಹೇಬರು. "ಇದು ಶಾಸ್ತ್ರ."

ಶಾಸ್ತ್ರಾಭ್ಯಾಸ ಆರಂಭವಾಯಿತು. ಒಣದ್ರಾಕ್ಷಿ ಮಾಡುವ ಬೇದಾಣಾ ಶೆಡ್ಡು ಮಳೆಗಾಲದಲ್ಲಿ ಖಾಲಿ ಇರುತ್ತದಲ್ಲ, ಅದೇ ಗುರುಕುಲವಾಯಿತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಕೈಪಿಡಿಯನ್ನು ಬಾಬಾಸಾಹೇಬರು ಅಥಣಿಯ ಝೆರಾಕ್ಸ್ ಅಂಗಡಿಗೆ ಒಯ್ದರು. ಅದು ಎಷ್ಟು ದಪ್ಪವಿತ್ತೆಂದರೆ ಅಂಗಡಿಯವನು ಮುದ್ರಿಸುತ್ತಾ ಮುದ್ರಿಸುತ್ತಾ ಮರುಗಿ, "ಸಾವಕಾರ್ರ, ಹೊಲದ ಖಟ್ಲೆ ಏನ್ರಿ? ಹೈಕೋರ್ಟಿಗೆ ಹೋಗೇತೇನ್ರಿ?" ಎಂದು ಕೇಳಿದ. ನಾಲ್ಕು ಸಂಪುಟಗಳಾಗಿ ಸುರುಳಿ ಹಾಕಿಸಿಕೊಂಡು ಬಂದರು. ಪುಸ್ತಕ ಇಂಗ್ಲಿಷಿನಲ್ಲಿ, ವಿಡಿಯೋ ಹಿಂದಿಯಲ್ಲಿ, ಬಹಳ ಚೆನ್ನಾಗಿ ಹೇಳುವ ಒಬ್ಬ ಮಾಸ್ತರರು ಮಾತ್ರ ಮರಾಠಿಯಲ್ಲಿ. ಆ ಮಾಸ್ತರರು ಮಾತಿಗೊಮ್ಮೆ, ತಿಳಿಯಿತೇ ಎಂಬ ಅರ್ಥದಲ್ಲಿ, "ಸಮಜಲಂ ಕಾ?" ಎನ್ನುತ್ತಿದ್ದರು. ಬಾಬಾಸಾಹೇಬರು ಪರದೆಗೆ ಕೈ ಮುಗಿದು "ಹೋ ಸರ್" ಎನ್ನುತ್ತಿದ್ದರು. ಕನ್ನಡದಲ್ಲಿ ಏನೂ ಸಿಗದ ಕಾರಣ ತಾವೇ ಅರ್ಥ ಬರೆದುಕೊಂಡರು. ಲೇಯರ್ ಎಂದರೆ ಪದರು. ಕೆಳಗೆ ಹೊಳೆಯ ಪದರು, ಅದರ ಮೇಲೆ ರಸ್ತೆಯ ಪದರು, ಅದರ ಮೇಲೆ ಮನೆಯ ಪದರು. ಇದನ್ನು ಹೆಂಡತಿಗೆ ವಿವರಿಸಿದಾಗ ಕಸ್ತೂರೆವ್ವ ಒಂದೇ ಮಾತಿಗೆ ಹಿಡಿದರು. "ಪದರಿನ ಚಪಾತಿ ಅನ್ರಿ. ನಡುವ ಎಣ್ಣಿ ಹಚ್ಚಲಿಲ್ಲಂದ್ರ ಅಂಟಕೋತಾವ."

ತೊಂದರೆ ಎಲ್ಲಿ ಬಂತೆಂದರೆ, ಕೈಪಿಡಿಯ ಅಭ್ಯಾಸಗಳೆಲ್ಲ ಯಾವುದೋ ಪರದೇಶದ ಊರಿನವು. ಆ ಊರಿನ ಶಾಲೆಗೆ ಹತ್ತಿರದ ಆಸ್ಪತ್ರೆ ಯಾವುದು, ಹೊಳೆಗೆ ಹತ್ತಿರದ ಮನೆಗಳೆಷ್ಟು ಎಂದು ಪ್ರಶ್ನೆಗಳು. ಬಾಬಾಸಾಹೇಬರು ಮೊದಲಿಂದ ಮಾಡುತ್ತಾ ಬಂದು ಆ ಊರಿನಲ್ಲೇ ಬೇರು ಬಿಟ್ಟರು. ಊಟಕ್ಕೆ ಕೂತಾಗ, "ಪಾಪ, ಆ ಮೂಡಲ ಕಡೆ ಸಾಲಿ ಹುಡುಗೂರಿಗೆ ದವಾಖಾನಿ ಭಾಳ ದೂರ ಆಗತೈತಿ," ಎಂದು ನಿಟ್ಟುಸಿರು ಬಿಡುತ್ತಿದ್ದರು.

"ಆ ಊರಾಗ ನಮ್ಮ ಬೀಗರು ಯಾರರ ಅದಾರೇನ್ರಿ?" ಎಂದು ಕಸ್ತೂರೆವ್ವ ರೊಟ್ಟಿ ತಾಟಿಗೆ ಕುಕ್ಕುತ್ತಿದ್ದರು. "ಇಲ್ಲಿ ದ್ರಾಕ್ಷಿಗೆ ಔಷಧ ಹೊಡ್ಯಾಕ ಆಳಿಲ್ಲ. ಇವರು ಯಾರದೋ ಊರಿಗೆ ದವಾಖಾನಿ ಕಟ್ಟಾಕತ್ತಾರ."

ಕೊನೆಗೂ ಸ್ವಂತ ಬಳಗಕ್ಕೆ ಕೈ ಹಾಕಿದರು. ಪ್ರತಿಯೊಬ್ಬ ನೆಂಟರಿಗೂ ಫೋನು ಮಾಡಿ, ನಿಮ್ಮ ಅಂಗಳದ ನಡುವೆ ನಿಂತು ಲೊಕೇಶನ್ ಕಳಿಸಿ ಎಂದರು. ಕೆಲವರು ದನದ ಕೊಟ್ಟಿಗೆಯಿಂದ ಕಳಿಸಿದರು. ಅಲಖನೂರಿನ ಕಾಕಾ ಒಬ್ಬರು ರಾಯಬಾಗ ಬಸ್‌ಸ್ಟ್ಯಾಂಡಿನಿಂದ ಕಳಿಸಿದರು. ದಿನವೆಲ್ಲ ಅವರು ಇರುವುದೇ ಅಲ್ಲಿ. ಎಲ್ಲವನ್ನೂ ಸೇರಿಸಿ, ತಾಲೂಕಿನ ಒಂದು ಹಳೆಯ ನಕಾಶೆಯ ಮೇಲೆ ಹೊಂದಿಸಿ, ಬಾಬಾಸಾಹೇಬರು ಹೆಂಡತಿಯನ್ನು ಶೆಡ್ಡಿಗೆ ಕರೆದರು. ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದರು.

"ಈ ನೀಲಿ ಪಟ್ಟಿ ಏನ್ರಿ?"

"ಕೃಷ್ಣಾ ಹೊಳಿ."

"ಹೊಳ್ಯಾಗ ಈ ಕೆಂಪು ಚುಕ್ಕಿ?"

ಬಾಬಾಸಾಹೇಬರು ಕನ್ನಡಕ ಏರಿಸಿಕೊಂಡರು. ಓದಿದರು. ಪರದೆಯನ್ನು ಆಚೆ ತಿರುಗಿಸಲು ನೋಡಿದರು. ಕಸ್ತೂರೆವ್ವನೇ ಅಕ್ಷರ ಕೂಡಿಸಿ ಓದಿದರು. "ಭರಮು ಮಾವ. ನನ್ನ ತಮ್ಮ! ಇದು ನಮ್ಮ ಕಾಕಾ. ಇದು ನಮ್ಮ ದೊಡ್ಡವ್ವ. ಅಯ್ಯಯ್ಯ, ನನ್ನ ತವರಮನಿ ಅಷ್ಟೂ ಹೊಳ್ಯಾಗ ಮುಳಗಿಸೀರಲ್ರಿ! ನಿಮ್ಮ ಕಡೆ ಮಂದಿ ನೋಡಿದ್ರ ದಂಡಿ ಮ್ಯಾಲೆ ಆರಾಮ ಕುಂತಾರ!"

ಕಸ್ತೂರೆವ್ವನ ತವರಾದ ಕಾಗವಾಡದ ಕಡೆಯ ನೆಂಟರೆಲ್ಲ ಹೊಳೆಯ ದಂಡೆಯವರೇ ಆದ್ದರಿಂದ, ಇಡೀ ನಕಾಶೆ ಒಂದಿಷ್ಟು ಪಕ್ಕಕ್ಕೆ ಸರಿದದ್ದೇ ತಡ ಅವರು ನೀರಿಗೆ ಬಿದ್ದಿದ್ದರು. ಹಳೆಯ ನಕಾಶೆಯ ಅಳತೆಯ ಪದ್ಧತಿ ಬೇರೆ, ಫೋನಿನ ಪದ್ಧತಿ ಬೇರೆ ಎಂಬುದು ಮೂರನೆಯ ಸಂಪುಟದಲ್ಲಿತ್ತಂತೆ. ಬಾಬಾಸಾಹೇಬರು ಆ ಅಧ್ಯಾಯ ಹಾರಿಸಿದ್ದರು. "ನನ್ನ ತವರಿನವರನ್ನ ಮ್ಯಾಲೆ ಎತ್ತೂತನಾ ಊಟ ಇಲ್ಲ," ಎಂದು ಕಸ್ತೂರೆವ್ವ ತೀರ್ಪು ಕೊಟ್ಟು ಹೋದರು. ನಕಾಶೆ ಕಲಿಯುವವರು ಸಂಶಯ ಕೇಳುವ ಒಂದು ಜಾಲತಾಣವಿತ್ತು. ಅಲ್ಲಿ ಬಾಬಾಸಾಹೇಬರು, ಹೆಂಡತಿಯ ತಮ್ಮ ನೀರಿನಲ್ಲಿದ್ದಾನೆ, ದಯವಿಟ್ಟು ಬೇಗ ತಿಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದರು. ಮೊದಲು ಪೊಲೀಸರಿಗೆ ಫೋನು ಮಾಡಿ ಎಂದು ಒಬ್ಬರು ಗಾಬರಿಯಿಂದ ಉತ್ತರಿಸಿದರು. ಆಮೇಲೆ ಯಾವುದೋ ದೇಶದ ಪುಣ್ಯಾತ್ಮನೊಬ್ಬ, ಎರಡೂ ಪದರಿಗೆ ಒಂದೇ ಪದ್ಧತಿ ಕೊಡಿ, ಇಂಥ ಕಡೆ ಒತ್ತಿ ಎಂದು ಹೇಳಿಕೊಟ್ಟ. ಒತ್ತಿದರು. ಅತ್ತೆಮನೆ ಇಡಿಯಾಗಿ ನೀರಿನಿಂದೆದ್ದು ದಂಡೆಗೆ ಬಂತು. ಬಾಬಾಸಾಹೇಬರು ಶೆಡ್ಡಿನಿಂದ "ಎದ್ದರೂ!" ಎಂದು ಕೂಗಿದ್ದು ರಸ್ತೆಗೆ ಕೇಳಿಸಿತು. ಅಂದು ಅವರಿಗೆ ಬಿಸಿ ಹೋಳಿಗೆ ಸಿಕ್ಕಿತು.

ಒಂದು ಚುಕ್ಕಿ ಮಾತ್ರ ಉಳಿದಿತ್ತು. ಅಕ್ಕನಿಗೆ ಲೊಕೇಶನ್ ಕಳಿಸು ಎನ್ನುವ ಧೈರ್ಯ ಯಾರಿಗಿದೆ? ಬಾಬಾಸಾಹೇಬರು ಒಂದು ಮಧ್ಯಾಹ್ನ ತಾವೇ ಸತ್ತಿಯ ಕಡೆಗೆ ಹೋಗಿ, ಗಾಡಿ ದೂರ ನಿಲ್ಲಿಸಿ, ಕಬ್ಬಿನೊಳಗೆ ಬಗ್ಗಿಕೊಂಡು ಅಕ್ಕನ ಮನೆಯ ಹಿತ್ತಲಿಗೆ ಬಂದರು. ಸಿಗ್ನಲ್ಲು ಸಿಗಲಿಲ್ಲ. ಫೋನನ್ನು ತಲೆಯ ಮೇಲೆತ್ತಿ, ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಹಾಕಿದರು. ಅಕ್ಕನ ಮನೆಯ ನಾಯಿಗೆ ಇದು ಸರಿಬರಲಿಲ್ಲ. ಒಂದು ಚಪ್ಪಲಿಯನ್ನು ಕಬ್ಬಿಗೆ ಅರ್ಪಿಸಿ ಅವರು ಪಾರಾಗಿ ಬಂದರು. ಆದರೆ ಚುಕ್ಕಿ ಸಿಕ್ಕಿತ್ತು.

ಇನ್ನು ದಾರಿ. ಎಲ್ಲ ಮನೆಗಳನ್ನೂ ಮುಟ್ಟಿ ಬರಲು ಹತ್ತಿರದ ದಾರಿಯನ್ನು ಕಂಪ್ಯೂಟರು ಗಳಿಗೆಯಲ್ಲಿ ಎಳೆದುಕೊಟ್ಟಿತು. ಮೊದಲು ಪಕ್ಕದ ತೋಟ, ಆಮೇಲೆ ಅದರ ಪಕ್ಕದ್ದು, ಹೀಗೆ.

"ಏನ್ರಿ ಇದು?" ಎಂದರು ಕಸ್ತೂರೆವ್ವ. "ಮೊದಲನೇ ಕಾರ್ಡ ಆಜೂಬಾಜೂದವರಿಗೆ ಕೊಟ್ಟು, ಸೋದರತ್ತಿಗೆ ನಡುವ, ಸೋದರಮಾವಗ ಕಡೀಕ? ಕಂಪ್ಯೂಟರಿಗೆ ಅತ್ತಿ ಮಾವ ಇಲ್ಲೇನ್ರಿ?"

"ಇದು ಹತ್ರದ ದಾರಿ, ಕಸ್ತೂರಿ. ಡೀಸೆಲ್ ಉಳೀತೈತಿ."

"ಡೀಸೆಲ್ ಉಳೀತೈತಿ, ಮಾನ ಹೋಗತೈತಿ. ಅಕ್ಕಾರ ಮನಿಗೆ ಒಂದನೇ ನಂಬರ ಹಾಕ್ರಿ. ನಮ್ಮ ಭರಮುಗ ಎರಡು. ಉಳಿದವರು ಅವರವರ ಮಾನದ ಪ್ರಕಾರ."

ಹೀಗೆ ಶಾಸ್ತ್ರ ಸೋತು ಸಂಪ್ರದಾಯ ಗೆದ್ದಿತು. ಎಲ್ಲ ಚುಕ್ಕಿಗಳಿಗೂ ಮಾನದ ಪ್ರಕಾರ ನಂಬರು ಬಿತ್ತು. ಬಾಬಾಸಾಹೇಬರು ಉತ್ಸಾಹ ತಡೆಯಲಾರದೆ ಅದನ್ನು ಮದುವೆಯ ಕಾರ್ಡಿನ ಜೊತೆಗೇ ಅಚ್ಚು ಹಾಕಿಸಿದರು. ಮೇಲೆ ಗಣಪತಿ, ಕೆಳಗೆ ಬಳಗದ ನಕಾಶೆ.

ಕಾರ್ಡು ಹಂಚಲು ಹೊರಟ ದಿನಗಳು ದಿಗ್ವಿಜಯದ ದಿನಗಳು. ಯಾರನ್ನೂ ದಾರಿ ಕೇಳದೆ, ಎಲ್ಲೂ ಗಾಡಿ ತಿರುಗಿಸದೆ, ಕೋಡಿಯಿಂದ ಕೋಡಿಗೆ ಜೀಪು ನೇರ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ತಮ್ಮ ಹೆಸರು ನಕಾಶೆಯಲ್ಲಿ ಇರುವುದನ್ನು ಕಂಡು ಮುದುಕರ ಕಣ್ಣು ತೇವವಾಯಿತು. "ನೂರು ವರ್ಷಾತು ಈ ಕೋಡಿಗೆ. ಯಾರೂ ನಕಾಶ್ಯಾಗ ಹಾಕಿರಲಿಲ್ಲೋ ಬಾಬಾ," ಎಂದರು ಒಬ್ಬರು. ಇನ್ನೊಬ್ಬರು ತಮ್ಮ ಹೊಸ ಬಾವಿಯನ್ನೂ ಹಾಕಬೇಕಿತ್ತು ಎಂದು ಮುನಿದರು. ಕಸ್ತೂರೆವ್ವ ಮುಂದಿನ ಸೀಟಿನಲ್ಲಿ ಕೂತು, "ನಮ್ಮ ಮನಿಯವರ ಮಾಡ್ಯಾರ್ರಿ, ಇಂಗ್ಲಿಷಿನ್ಯಾಗ ಓದಿ," ಎಂದು ಎಲ್ಲ ಕಡೆಯೂ ಹೇಳಿದರು. ಈ ಮಾತನ್ನು ಬಾಬಾಸಾಹೇಬರು ಕೇಳಿಸದವರಂತೆ ಕೇಳಿದರು.

ಅಂದಹಾಗೆ ಮೊದಲ ಕಾರ್ಡು ಏನಾಯಿತು ಎಂಬುದನ್ನು ನಾನು ಬೇಕೆಂದೇ ತಡಮಾಡಿ ಹೇಳುತ್ತಿದ್ದೇನೆ. ಬಾಬಾಸಾಹೇಬರಿಗೂ ಅದನ್ನು ನೆನೆಯುವ ಇಷ್ಟವಿರಲಿಲ್ಲ.

ದಿಗ್ವಿಜಯದ ಮೊದಲ ಬೆಳಿಗ್ಗೆ ಅಕ್ಕನ ಮನೆಗೇ ಹೋಗಿದ್ದರು. ಶೇವಂತಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. ಬಾಬಾಸಾಹೇಬರು ನಮಸ್ಕಾರ ಮಾಡಿ, ನಕಾಶೆಯನ್ನು ಅಕ್ಕನ ಮುಂದೆ ಹಾಸಿ, "ನೋಡ ಅಕ್ಕಾ, ನಿನ್ನ ಮನಿ ಒಂದನೇ ನಂಬರ. ನೆಟ್ಟಗ ಬಂದೀನಿ. ಒಬ್ಬರನ್ನೂ ದಾರಿ ಕೇಳಲಿಲ್ಲ," ಎಂದರು.

ಶೇವಂತಕ್ಕ ನಕಾಶೆ ನೋಡಿದರು. ತಮ್ಮನನ್ನು ನೋಡಿದರು.

"ಇದನ್ನ ನೋಡಿ ಬಂದೀಯೇನೋ?"

"ಹೂಂನಕ್ಕಾ."

"ಅಕ್ಕನ ಮನಿಗೆ ಬರಾಕ ತಮ್ಮಗ ನಕಾಶೆ ಬೇಕಾತು? ನಮ್ಮನಿ ಏನ್ ತಹಶೀಲ್ದಾರ ಕಚೇರಿ ಏನೋ ಬಾಬ್ಯಾ?" ಶೇವಂತಕ್ಕ ಕೈಯಲ್ಲಿದ್ದ ಶೇಂಗಾವನ್ನು ಕೆಳಗೆ ಎಸೆದರು. ಅಷ್ಟಕ್ಕೇ ಬಿಡಲಿಲ್ಲ. "ಮತ್ತ ಅವತ್ತ ನಮ್ಮ ಕಬ್ಬಿನ್ಯಾಗ ಫೋನ್ ಎತ್ಕೊಂಡು ಕುಣ್ಯಾಕತ್ತಿದ್ದಾವ ನೀನ ಹೌದಲ್ಲೋ? ಹಿತ್ತಲದಾಗಿಂದ ನೋಡೀನಿ ನಾ. ಅಲ್ಲೀತನಾ ಬಂದಾವ ಬಾಗಿಲಿಗೆ ಬರಲಿಲ್ಲಲ್ಲೋ. ಚಪ್ಪಲಿ ಬಿಟ್ಟು ಹೋದಿ, ಅಕ್ಕನ್ನ ಮಾತಾಡಿಸಲಿಲ್ಲ."

ಬಾಬಾಸಾಹೇಬರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಸ್ತೂರೆವ್ವ ಕುಂಕುಮದ ಬಟ್ಟಲು ಮುಂದೆ ಹಿಡಿದರು. ಶೇವಂತಕ್ಕ ಬಟ್ಟಲಿಗೆ ಬೆರಳು ಅದ್ದಲಿಲ್ಲ. ಕಾರ್ಡನ್ನು ಶೇಂಗಾ ಸಿಪ್ಪೆಯ ಪಕ್ಕದಲ್ಲಿ ಇಟ್ಟುಕೊಂಡು "ನೋಡೋಣು" ಎಂದರು. ನಮ್ಮ ಕಡೆ ಹಿರಿಯ ಹೆಣ್ಣುಮಗಳು ಕುಂಕುಮ ಮುಟ್ಟದೆ "ನೋಡೋಣು" ಎಂದರೆ ಅದರ ಅರ್ಥ ನೋಡುವುದಿಲ್ಲ ಎಂದೇ.

ಹೀಗಾಗಿ ಐದು ತಾಲೂಕು ಗೆದ್ದ ಬಾಬಾಸಾಹೇಬರು ಒಂದು ಮನೆಯನ್ನು ಸೋತೇ ಮದುವೆಯ ದಿನಕ್ಕೆ ಬಂದರು.

ಮದುವೆಯ ಹಿಂದಿನ ಸಂಜೆ ವಿಶಾಲನ ಮನೆಯಿಂದ ಫೋನು ಬಂತು. ಕನ್ಯೆ ನೋಡಲು ಬಂದಾಗ ಕಬ್ಬು ಕಡಿದು ಬಯಲಾಗಿತ್ತು, ರಸ್ತೆಯಿಂದಲೇ ಮನೆ ಕಾಣುತ್ತಿತ್ತು. ಈಗ ಎಲ್ಲೆಲ್ಲೂ ಕಬ್ಬು ಎದ್ದಿದೆ, ಲೊಕೇಶನ್ ಕಳಿಸಿ ಎಂದರು. "ನಾ ಕಳಸ್ತೀನಿ ತಡಿ ಅಪ್ಪಾ," ಎಂದು ದೀಪಾಲಿ ಮೆಹಂದಿಯ ಕೈಯಲ್ಲೇ ಎದ್ದಳು. ಬಾಬಾಸಾಹೇಬರು ತಡೆದರು. ಬರಿಯ ಒಂದು ಪಿನ್ನನ್ನು ಬೀಗರಿಗೆ ಕಳಿಸುವುದು ಅವರ ವಿದ್ವತ್ತಿಗೆ ಕಡಿಮೆಯಾಗುತ್ತಿತ್ತು. ಇಡೀ ನಕಾಶೆಯ ಫೈಲನ್ನೇ, "ಬಾಬಾಸಾಹೇಬರ ಮಗಳ ಮದುವೆ" ಎಂದು ತಲೆಬರಹ ಕೊಟ್ಟು, ವಿಶಾಲನ ಫೋನಿಗೆ ಕಳಿಸಿದರು. ಮುಟ್ಟಿದರೆ ತಾನೇ ದಾರಿ ತೋರಿಸುತ್ತದೆ ಎಂದೂ ಬರೆದರು.

ಬೆಳಗಾಯಿತು. ಹಂದರದ ತುಂಬ ಜನ. ಕರೆದವರೆಲ್ಲ ಬಂದಿದ್ದರು, ಒಬ್ಬರನ್ನು ಬಿಟ್ಟು. ಎಲ್ಲರ ಕೈಯಲ್ಲೂ ನಕಾಶೆ. ಗಾಳಿ ಬೀಸಿಕೊಳ್ಳಲೂ ಅನುಕೂಲವಾಗಿತ್ತು. ಅರಿಷಿಣದ ಬಟ್ಟಲು ಹಿಡಿದು ಕಸ್ತೂರೆವ್ವ ರಸ್ತೆಯ ಕಡೆಗೇ ನೋಡುತ್ತಿದ್ದರು. "ಇನ್ನೊಂದ ಗಳಿಗಿ ನೋಡೋಣ," ಎಂದು ಹಿರಿಯರು ಮತ್ತೆ ಮತ್ತೆ ಹೇಳುತ್ತಿದ್ದರು. ಸೋದರತ್ತೆಯೂ ಇಲ್ಲ. ಹಾಗೆ ನೋಡಿದರೆ ಗಂಡಿನವರೂ ಇಲ್ಲ. ಬರಬೇಕಾದ ಹೊತ್ತು ಮೀರುತ್ತಾ ಬಂತು. ಬಾಬಾಸಾಹೇಬರು ಫೋನು ಹಚ್ಚಿದರು.

"ಮಾಮಾ, ಬಂದ್ವಿರಿ, ಬಂದ್ವಿ!" ವಿಶಾಲನ ದನಿಯ ಹಿಂದೆ ಬ್ಯಾಂ ಬ್ಯಾಂ ಎಂದು ಬ್ಯಾಂಡು. "ನೀವ ಹೇಳಿದ ಅಂಗಳದಾಗ ಇದೀವ್ರಿ! ಆರತಿ ನಡದೈತ್ರಿ!"

ಬಾಬಾಸಾಹೇಬರು ಅಂಗಳ ನೋಡಿದರು. ಒಂದು ಆಡು ಹಂದರದ ಮಾವಿನ ಎಲೆ ತಿನ್ನುತ್ತಿತ್ತು. ಆರತಿ ಇಲ್ಲ, ಬ್ಯಾಂಡಿಲ್ಲ, ಮದುಮಗನಂತೂ ಇಲ್ಲವೇ ಇಲ್ಲ. "ಹಲೋ, ಹಲೋ" ಎನ್ನುವಷ್ಟರಲ್ಲಿ ಕಬ್ಬಿನ ನಡುವೆ ಸಿಗ್ನಲ್ಲು ಸತ್ತುಹೋಯಿತು.

ಕಸ್ತೂರೆವ್ವ ಹತ್ತಿರ ಬಂದು ಪಿಸುಗುಟ್ಟಿದರು. "ರೀ, ನೀವು ಕಳಿಸಿದ್ರಲ್ಲ, ಆ ನಕಾಶ್ಯಾಗ ನಮ್ಮನಿ ಎಲ್ಲೈತಿ?"

"ನಮ್ಮನಿ?"

"ಹೂಂ. ನಮ್ಮನಿ. ಈ ಮನಿ. ಮದುವಿ ಮನಿ."

ಬಾಬಾಸಾಹೇಬರು ಪಕ್ಕದವರ ಕೈಯಿಂದ ನಕಾಶೆ ಕಿತ್ತುಕೊಂಡರು. ಮೊದಲ ಚುಕ್ಕಿಯಿಂದ ಕಡೆಯ ಚುಕ್ಕಿಯವರೆಗೆ ಹುಡುಕಿದರು. ಯಾರು ಯಾರನ್ನು ಕರೆಯಬೇಕೋ ಅವರ ಮನೆಗಳನ್ನೆಲ್ಲ ಅವರು ಹಾಕಿದ್ದರು. ತಮ್ಮ ಮದುವೆಗೆ ತಮ್ಮನ್ನೇ ಯಾರು ಕರೆಯುತ್ತಾರೆ? ಹಾಗಾಗಿ ತಮ್ಮ ಮನೆಯನ್ನು ಹಾಕಿಯೇ ಇರಲಿಲ್ಲ. ವಿಶಾಲನ ಫೋನು ನಕಾಶೆಯನ್ನು ತೆರೆದು ಮೊದಲನೆಯ ಚುಕ್ಕಿಗೆ ದಾರಿ ಹಿಡಿದಿತ್ತು.

"ನಂಬರ ಒಂದು," ಎಂದರು ಬಾಬಾಸಾಹೇಬರು, ಹಂದರದ ಕಂಬ ಹಿಡಿದುಕೊಂಡು. ಬಾಸಿಂಗ ಕಟ್ಟಿದ ಗಂಡು, ಬ್ಯಾಂಡು, ಬಸ್ಸು ಸಮೇತ, ಮಾತು ಬಿಟ್ಟ ಅಕ್ಕನ ಅಂಗಳದಲ್ಲಿ! ಅಕ್ಕ ಏನೆಂದುಕೊಂಡಾಳು? ಅಣಕಿಸಲು ಕಳಿಸಿದನೆಂದು ತಿಳಿದರೆ? ಬೀಗರ ಮುಂದೆ ಬಾಯಿ ಮಾಡಿದರೆ? ಮಗಳ ಮದುವೆ ತನ್ನ ವಿದ್ವತ್ತಿನಿಂದಲೇ ಮುರಿದು ಬೀಳುತ್ತದೆಂದು ಅವರಿಗೆ ಖಾತ್ರಿಯಾಯಿತು. ಜೀಪಿನ ಕೀಲಿ ಇದ್ದದ್ದು ತಲೆಗೆ ಸುತ್ತಿದ ಪಟಗದಲ್ಲಿ. ಅವರು ಅದನ್ನು ಕಿಸೆಯಲ್ಲಿ, ಕಪಾಟಿನಲ್ಲಿ, ಅಕ್ಕಿ ಚೀಲದಲ್ಲಿ ಹುಡುಕಿದರು.

ಅಷ್ಟರಲ್ಲಿ ದೂರದಿಂದ ಬ್ಯಾಂಡು ಕೇಳಿಸಿತು. ಕಬ್ಬಿನ ನಡುವಿನ ದಾರಿಯಲ್ಲಿ ಧೂಳೆದ್ದಿತು. ಎಲ್ಲಕ್ಕಿಂತ ಮುಂದಿನ ಗಾಡಿಯ ಮುಂದಿನ ಸೀಟಿನಲ್ಲಿ, ಹಸಿರು ಇಳಕಲ್ ಸೀರೆ ಉಟ್ಟು, ಮೂಗಿನಲ್ಲಿ ನತ್ತು ಹೊಳೆಯುತ್ತಾ, ಎಡಕ್ಕೆ ಬಲಕ್ಕೆ ಕೈ ತೋರಿಸಿ ದಾರಿ ಹೇಳುತ್ತಾ ಶೇವಂತಕ್ಕ ಬರುತ್ತಿದ್ದರು. ಮದುಮಗ ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದ.

ಇಳಿದವರೇ ಶೇವಂತಕ್ಕ ಹಂದರಕ್ಕೆಲ್ಲ ಕೇಳುವಂತೆ ಮಾತಾಡಿದರು.

"ಎಲ್ಲಾರೂ ಕೇಳ್ರಿ! ಕಾರ್ಡ ಕೊಟ್ಟು ಕರದವರನ್ನ ನೋಡೀನಿ, ಸೀರಿ ಕೊಟ್ಟು ಕರದವರನ್ನ ನೋಡೀನಿ. ನನ್ನ ತಮ್ಮ ನನ್ನ ಕರ್ಯಾಕ ಮದುಮಗನ್ನ ಕಳಿಸ್ಯಾನ! ಬ್ಯಾಂಡ ಹಚ್ಚಿ! ನೀವ್ಯಾಕ ಬಂದ್ರಿ ಅಂದ್ರ, 'ಬಾಬಾಸಾಹೇಬ ಮಾಮಾರು ಮೊದಲ ಇಲ್ಲಿಗೆ ಕಳಿಸ್ಯಾರ್ರಿ' ಅಂದಾ ಹುಡುಗ. ನಮ್ಮ ನೆಗೆಣ್ಣಿ ಬಾಗಲದಾಗ ನಿಂತು ನೋಡ್ಯಾಳ ನೋಡ್ಯಾಳ, ಆಕಿ ಬಾಯಿ ಇನ್ನೂ ಮುಚ್ಚಿಲ್ಲ!"

ಆಮೇಲೆ ತಮ್ಮನ ಹತ್ತಿರ ಬಂದು, ಎರಡೂ ಕೈಗಳಿಂದ ಅವರ ಕೆನ್ನೆ ಸವರಿ ನೆಟಿಗೆ ಮುರಿದರು. "ಬಾಬ್ಯಾ, ಇಷ್ಟ ದೊಡ್ಡ ಮನಸ ಎಲ್ಲಿತ್ತೋ ನಿನ್ನ ಕಡೆ?"

ಬಾಬಾಸಾಹೇಬರು ನಿಜ ಹೇಳಲು ಬಾಯಿ ತೆರೆದರು. ಕಸ್ತೂರೆವ್ವ ಅವರ ಕಾಲು ತುಳಿದರು. "ಹೂಂನ್ರಿ ಅಕ್ಕಾರ. ಹೋದ ತಿಂಗಳಿಂದ ಇದನ್ನ ವಿಚಾರ ಮಾಡಾಕತ್ತಿದ್ರು," ಎಂದರು. ಬಾಬಾಸಾಹೇಬರ ಕಣ್ಣಿನಿಂದ ನೀರು ಇಳಿಯಿತು. ಅದರಲ್ಲಿ ಅರ್ಧ ಸಂತೋಷದ್ದು, ಅರ್ಧ ತುಳಿತದ್ದು. ಶೇವಂತಕ್ಕ ಅರಿಷಿಣದ ಬಟ್ಟಲು ಕಿತ್ತುಕೊಂಡು ದೀಪಾಲಿಯ ಕೆನ್ನೆಗೆ, ಕೈಗೆ, ಕಾಲಿಗೆ ಹಚ್ಚಿದ್ದಲ್ಲದೆ, ಉಳಿದದ್ದನ್ನು ತಮ್ಮನ ಮುಖಕ್ಕೂ ಬಳಿದರು. ಮಧ್ಯಾಹ್ನ ಜೋಡಿಯ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಇಂಥ ಮದುವೆ ಈ ಸೀಮೆಯಲ್ಲಿ ಆಗಿಲ್ಲ, ಇಂಥ ತಮ್ಮನನ್ನು ಕಂಡಿಲ್ಲ ಎಂದು ಮಂದಿ ಆಡಿಕೊಂಡರು. ಬಾಬಾಸಾಹೇಬರು ಮುಖದ ಅರಿಷಿಣ ಒರೆಸಿಕೊಳ್ಳದೆ, ಎದೆ ಮುಂದೆ ಮಾಡಿಕೊಂಡು, ಪಂಕ್ತಿಯಿಂದ ಪಂಕ್ತಿಗೆ ಬೂಂದಿ ಬಡಿಸುತ್ತಾ ತಿರುಗಿದರು.

ಎರಡನೆಯ ಪಂಕ್ತಿಯ ತುದಿಯಲ್ಲಿ ಭರಮು ಮಾವ ಕೂತಿದ್ದರು. ಮುಂದೆ ಎಲೆ, ಎಲೆಯ ಮೇಲೆ ಅನ್ನ. ಕೈ ಮಾತ್ರ ತೊಡೆಯ ಮೇಲಿತ್ತು.

"ಊಟಾ ಮಾಡ್ರಿ ಮಾವ."

ಭರಮು ಮಾವ ಅಂಗಿಯ ಕಿಸೆಯಿಂದ ನಕಾಶೆ ತೆಗೆದು ಎಲೆಯ ಪಕ್ಕದಲ್ಲಿ ಬಿಡಿಸಿದರು. "ನಂಬರ ಒಂದರ ಮನಿಗೆ ಮದುಮಗ ಹೋಗ್ಯಾನ. ನಾ ನಂಬರ ಎರಡು. ನನಗ ಬರೇ ಕಾರ್ಡ?"

ಅವರ ಪಕ್ಕದಲ್ಲಿದ್ದ ಅಲಖನೂರಿನ ಕಾಕಾ ಕೂಡ ಅನ್ನ ಮುಟ್ಟಿರಲಿಲ್ಲ. ಅವರು ಮೂರು. ಅವರ ಪಕ್ಕ ನಾಲ್ಕು. ಅದರಾಚೆಯವರು ನಕಾಶೆ ಬಿಡಿಸಿ ತಮ್ಮ ನಂಬರು ಹುಡುಕುತ್ತಿದ್ದರು. ಇಷ್ಟು ದಿನ ಬಳಗದಲ್ಲಿ ಯಾರು ಯಾರಿಗಿಂತ ಮೇಲು ಎಂಬುದು ಅವರವರ ಮನಸ್ಸಿನಲ್ಲಿತ್ತು. ಈಗ ಅಚ್ಚಾಗಿ ಎಲ್ಲರ ಕೈಯಲ್ಲಿತ್ತು.

ಬಾಬಾಸಾಹೇಬರು ಹೆಂಡತಿಯ ಕಡೆ ನೋಡಿದರು. ಕಸ್ತೂರೆವ್ವ ಆಗಲೇ ಸೆರಗು ಸಿಗಿಸಿ ನಿಂತಿದ್ದರು.

"ಎಲ್ಲಾರೂ ಊಟಾ ಮಾಡ್ರಿ. ಮಾನ ಹೋಗೂವಂಥಾದ್ದು ಏನಿಲ್ಲ," ಎಂದರು ಗಟ್ಟಿಯಾಗಿ. "ನಾಳಿ ಮುಂಜಾನಿಂದ ಗಂಡ ಹೆಂಡ್ತಿನ್ನ ಕರ್ಕೊಂಡು ಇವರು ನಿಮ್ಮ ಎಲ್ಲಾರ ಮನಿಗೂ ಬರ್ತಾರ. ಒಂದು ಮನಿ ತಪ್ಪೂದಿಲ್ಲ. ನಕಾಶೆ ಐತಿ."

ಪಂಕ್ತಿಯಲ್ಲಿ ಕೈಗಳು ಅನ್ನಕ್ಕೆ ಇಳಿದವು.

ಮರುದಿನ ಒಬ್ಬ ಬಾಡಿಗೆ ಡ್ರೈವರನ ಕೈಯಲ್ಲಿ ಜೀಪು ಸಿದ್ಧವಾಯಿತು. ನಡುವಿನ ಸೀಟಿನಲ್ಲಿ ಹೊಸ ಜೋಡಿ. ಕಸ್ತೂರೆವ್ವ ಅವರ ಪಕ್ಕ. ಮುಂದಿನ ಸೀಟಿಗೆ ನಕಾಶೆ ಹಿಡಿದು ಬಾಬಾಸಾಹೇಬರು ಬಂದರೆ ಅಲ್ಲಿ ಶೇವಂತಕ್ಕ ಆಗಲೇ ಕೂತಿದ್ದರು.

"ನೀ ಹಿಂದ ಕೂಡೋ ಬಾಬ್ಯಾ. ದಾರಿ ನಾ ಹೇಳ್ತೀನಿ. ನಿನಗೆಲ್ಲಿ ಗೊತ್ತಾಗತೈತಿ?"

ಬಾಬಾಸಾಹೇಬರು ಹಿಂದೆ, ತೆಂಗಿನಕಾಯಿ ಚೀಲದ ಮೇಲೆ, ಬಂದ ದಾರಿಗೆ ಮುಖ ಮಾಡಿ ಕೂತರು. ಅಕ್ಕ ಮುಂದಿನಿಂದ ಕೈ ಚಾಚಿ ಒಂದು ಶೇಂಗಾ ಉಂಡೆ ಕೊಟ್ಟರು. ಜೀಪು ಹೊರಟಿತು, ಮತ್ತು ಮೊದಲನೆಯ ತಿರುವಿನಲ್ಲೇ ದಾರಿ ತಪ್ಪಿತು. ಬಾಬಾಸಾಹೇಬರಿಗೆ ಅದು ಗೊತ್ತಾಯಿತು. ಉಂಡೆ ತಿನ್ನುತ್ತಾ ಸುಮ್ಮನೆ ಕೂತರು.